ಆನೆಯ ಹೊಟ್ಟೆಯಲ್ಲಿ ಪಾದ

ಹುಲ್ಲಣ್ಣನ ತಲೆಯಲ್ಲಿ ಹುಲ್ಲಿತ್ತು. ಇದನ್ನು ನಾನು ಬೈಗುಳವಾಗಿ ಹೇಳುತ್ತಿಲ್ಲ. ಮನೆ ಸಾಮಾನು ಕಟ್ಟಿ ಸಾಗಿಸುವ ಅಂಗಡಿಯೊಂದರಲ್ಲಿ ಅವನದು ಪ್ಯಾಕಿಂಗ್ ಕೆಲಸ. ಗಾಜಿನ ಲೋಟ, ಪಿಂಗಾಣಿ ತಟ್ಟೆ ಒಡೆಯದ ಹಾಗೆ ಹಗಲೆಲ್ಲ ಒಣಹುಲ್ಲು ತುರುಕಿ ತುರುಕಿ, ಸಂಜೆ ಮನೆಗೆ ಬರುವಾಗ ಕೂದಲಲ್ಲಿ ಒಂದೆರಡು ಎಳೆ ಸಿಕ್ಕಿಕೊಂಡೇ ಇರುತ್ತಿದ್ದವು. ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಬೀದಿಯವರು ಹುಲ್ಲಣ್ಣ ಎಂದರು, ಅವನು ಓಗೊಟ್ಟ. ಅಲ್ಲಿಗೆ ನಾಮಕರಣ ಮುಗಿಯಿತು.

ಅವನ ಕಸುಬಿಗೆ ಇದ್ದದ್ದು ಒಂದೇ ಧರ್ಮ: ಟೊಳ್ಳಾದದ್ದು ಯಾವುದೂ ಖಾಲಿ ಹೋಗಬಾರದು. ಹೂಜಿಯೊಳಗೆ ಲೋಟ, ಲೋಟದೊಳಗೆ ಚಮಚ, ಬೂಟಿನೊಳಗೆ ಸಾಬೂನಿನ ಡಬ್ಬಿ, ಆ ಡಬ್ಬಿಯೊಳಗೆ ಸೂಜಿದಾರ. ಇದನ್ನು ಅವನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ವಾರಕ್ಕೊಮ್ಮೆಯಾದರೂ ಅವನ ಹೆಂಡತಿಯ ದನಿ ಗೋಡೆ ದಾಟಿ ಬರುತ್ತಿತ್ತು.

"ಅಕ್ಕಾ, ಒಂದು ಚಿಟಿಕೆ ಉಪ್ಪು ಕೊಡಿ!"

"ನಿಮ್ಮನೇಲಿ ಉಪ್ಪಿಲ್ವೇನೇ?"

"ಇದೆ ಅಕ್ಕಾ. ಸಕ್ಕರೆ ಡಬ್ಬಿಯೊಳಗೆ ಬೇಳೆ ಡಬ್ಬಿ, ಬೇಳೆ ಡಬ್ಬಿಯೊಳಗೆ ಟೀಪುಡಿ ಡಬ್ಬಿ, ಅದರೊಳಗೆ ಉಪ್ಪು. ಅಷ್ಟೆಲ್ಲ ಬಿಚ್ಚೋ ಹೊತ್ತಿಗೆ ಒಲೆ ಮೇಲಿರೋದು ಸೀದು ಹೋಗುತ್ತೆ."

ಇಂಥವನ ಕೈಗೆ ಆ ವಾರಪತ್ರಿಕೆ ಸಿಕ್ಕಬಾರದಿತ್ತು. ಸಿಕ್ಕಿದ್ದೂ ಓದುವುದಕ್ಕಲ್ಲ, ತಟ್ಟೆಗೆ ಸುತ್ತುವುದಕ್ಕೆ. ಸುತ್ತುವಾಗ ಒಂದು ಮೂಲೆ ಕಣ್ಣಿಗೆ ಬಿತ್ತು: ‘ಪದದೊಳಗೆ ಪದ’. ಒಂದು ಪದದ ಹೊಟ್ಟೆ ಸೀಳಿ, ಇನ್ನೊಂದು ಪುಟ್ಟ ಪದವನ್ನು ಅದರೊಳಗಿಟ್ಟು ಮುಚ್ಚಿದರೆ ಮೂರನೆಯ ದೊಡ್ಡ ಪದವೊಂದು ಹುಟ್ಟಬೇಕು. ಅದು ಯಾವುದೆಂದು ಓದುಗರು ಹೇಳಬೇಕು. ಅಷ್ಟೇ ಆಟ. ಅವತ್ತು ಹುಲ್ಲಣ್ಣ ಓಡುತ್ತಲೇ ಮನೆಗೆ ಬಂದ.

"ಅಕ್ಕಾ, ಇದು ಪ್ಯಾಕಿಂಗೇ ಅಲ್ವಾ! ಹುಲ್ಲಿಲ್ಲ ಅನ್ನೋದು ಬಿಟ್ಟರೆ ಬೇರೇನು ವ್ಯತ್ಯಾಸ? ಈಗ ನೋಡಿ, ಸರ ತಗೊಳ್ಳಿ."

"ಯಾವ ಸರ? ನನ್ನ ಹತ್ರ ಎಲ್ಲಿದೆಯೋ?"

"ಪದ ಅಕ್ಕಾ, ಪದ. ಸ, ರ. ಅದರ ಮಧ್ಯೆ ‘ಹೋದ’ ಅನ್ನೋದನ್ನ ಇಡಿ. ಸ, ಹೋದ, ರ. ಸಹೋದರ! ನೋಡಿದ್ರಾ, ಒಂದು ಅಕ್ಷರಾನೂ ಒಡೀಲಿಲ್ಲ."

ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ. ಹಾಗಾಗಿ ಅಕ್ಷರದ ಜೊತೆ ಯಾರಾದರೂ ಆಟವಾಡಿದರೆ ನನಗೆ ಸ್ವಲ್ಪ ಹೆಚ್ಚೇ ಖುಷಿ. ಭೇಷ್ ಎಂದೆ. ಮುಂದೆ ಆದದ್ದರಲ್ಲಿ ಆ ಭೇಷಿಗೂ ಒಂದು ಪಾಲು ಸಲ್ಲಬೇಕು.

ಅವನು ಆ ಸಹೋದರನನ್ನು ಪತ್ರಿಕೆಗೆ ಕಳಿಸಿದ. ಅಚ್ಚಾಯಿತು. ಕೆಳಗೆ ಹೆಸರಿರಲಿಲ್ಲ, ‘ಓದುಗರೊಬ್ಬರು’ ಎಂದಷ್ಟೇ ಇತ್ತು. ಹುಲ್ಲಣ್ಣ ಬೀದಿಯ ಎರಡೂ ಬದಿಯ ಮನೆಗಳಿಗೆ ಹೋಗಿ, "ಈ ಓದುಗರೊಬ್ಬರು ಇದ್ದಾರಲ್ಲ, ಅವರು ನಾನೇ" ಎಂದು ಪರಿಚಯ ಮಾಡಿಸಿಕೊಂಡ. ಅಂದಿನಿಂದ ನಡಿಗೆ ಬದಲಾಯಿತು. ಕಿವಿಯ ಮೇಲೆ ಪೆನ್ನು ಬಂತು. ಮಾತಿನಲ್ಲಿ "ನಾವು ಬರೆಯೋರು" ಎಂಬುದು ಬಂತು. ಆಮೇಲೆ ಅವನು ಕಳಿಸಿದ ನಾಲ್ಕು ಪದಗಳನ್ನು ಪತ್ರಿಕೆಯವರು ಒಂದರ ಹಿಂದೊಂದರಂತೆ ವಾಪಸು ಕಳಿಸಿದರು. ಬಂದ ದಾರಿಗೆ ಸುಂಕವಿಲ್ಲದವನ ಹಾಗೆ ಸುಮ್ಮನಿರಬಹುದಿತ್ತು. ಹುಲ್ಲಣ್ಣ ಬರೆಯುವವನಾಗಿಬಿಟ್ಟಿದ್ದನಲ್ಲ, ಅದು ಆಗಲಿಲ್ಲ.

ಪೆನ್ನು ಕಿವಿಯ ಮೇಲಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಅವನ ಅಂಗಿಗೆ ಜೇಬಿರಲಿಲ್ಲ. ಆ ಅಂಗಡಿಯಲ್ಲಿ ಜೇಬಿನ ಅಂಗಿ ಸಿಗುವುದು ಮೇಸ್ತ್ರಿಗೆ ಮಾತ್ರ. ಮೇಸ್ತ್ರಿಯಾದವನು ಡ್ರೈವರ್ ಪಕ್ಕದಲ್ಲಿ ಕೂರುತ್ತಾನೆ, ಎತ್ತು ಇಳಿಸು ಎಂದು ಬಾಯಲ್ಲಿ ಹೇಳುತ್ತಾನೆ, ತಾನು ಎತ್ತುವುದಿಲ್ಲ. ಹುಲ್ಲಣ್ಣನ ಬೆನ್ನು ಈಚೆಗೆ ಬೀರು, ಮಂಚಗಳ ಜೊತೆ ಹೊಂದಿಕೊಳ್ಳಲು ಒಪ್ಪುತ್ತಿರಲಿಲ್ಲ. ಸಂಜೆಯಾದರೆ ಹೆಂಡತಿ ಎಣ್ಣೆ ತಿಕ್ಕುವುದು, ಅವನು ನರಳುವುದು, ಗೋಡೆಯ ಈಚೆ ನಾನು ಕೇಳುವುದು. ಮೇಸ್ತ್ರಿ ಪಟ್ಟ ಸಿಕ್ಕದಿದ್ದರೆ ಇನ್ನೊಂದು ವರ್ಷ ಆ ಬೆನ್ನು ತಡೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂಗಡಿ ಯಜಮಾನರಿಗೆ ಮಾತ್ರ ಗೊತ್ತಿರಲಿಲ್ಲ.

"ನನ್ನ ಕೈಲಿದ್ರೆ ಇವತ್ತೇ ಮಾಡ್ತಿದ್ದೆ ಕಣೋ" ಎಂದು ಅವರು ಎದೆಯ ಮೇಲೆ ಕೈ ಇಟ್ಟು ಹೇಳುತ್ತಿದ್ದರು. "ಹೆಡ್ ಆಫೀಸಿಗೆ ಬರೆದಿದೀನಿ. ಅವರು ಒಪ್ಪಬೇಕಲ್ಲ? ಉತ್ತರ ಬರ್ಲಿ."

ಹೆಡ್ ಆಫೀಸಿನಿಂದ ಉತ್ತರ ಬರುವುದನ್ನು ಹುಲ್ಲಣ್ಣ ಎಷ್ಟೋ ವರ್ಷಗಳಿಂದ ಕಾಯುತ್ತಿದ್ದ. ಅಷ್ಟರಲ್ಲಿ ಮ್ಯಾನೇಜರ ಮನೆಯ ಕೆಲಸ ಬಂತು. ನಿವೃತ್ತ ಬ್ಯಾಂಕ್ ಮ್ಯಾನೇಜರು. ನದಿಯಾಚೆಯ ಊರಿಗೆ ಮನೆ ಬದಲಾಯಿಸುತ್ತಿದ್ದರು.

"ದೊಡ್ಡ ಜನ" ಎಂದರು ಯಜಮಾನರು. "ಒಂದು ದೂರೂ ಇಲ್ದೆ ಈ ಕೆಲಸ ಮುಗಿಸು, ಹೆಡ್ ಆಫೀಸಿಗೆ ಮತ್ತೆ ಬರೀತೀನಿ. ಒಂದೇ ಒಂದು ದೂರು ಬಂತೋ, ಮೇಸ್ತ್ರಿ ಕೆಲಸಾನೂ ಇಲ್ಲ, ಈಗಿರೋ ಕೆಲಸಾನೂ ಇಲ್ಲ."

ಮ್ಯಾನೇಜರ ಮನೆಯಲ್ಲಿ ಇದ್ದವರು ನಾಲ್ವರು. ಮ್ಯಾನೇಜರು, ಅವರ ಹೆಂಡತಿ, ಅವರ ವಯಸ್ಸಾದ ತಾಯಿ, ಮತ್ತು ಹೆಂಡತಿಯ ತಮ್ಮ. ಈ ಭಾವಮೈದ ಕೆಲಸ ಹುಡುಕಲು ಬಂದವನು ಹುಡುಕುತ್ತಲೇ ಉಳಿದುಬಿಟ್ಟಿದ್ದ. ದಿನವೂ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹುಡುಕಲು ಹೊರಡುತ್ತಿದ್ದ, ಸಂಜೆ ಸುಸ್ತಾಗಿ ಬರುತ್ತಿದ್ದ.

ಹುಲ್ಲಣ್ಣ ಅಜ್ಜಿಯ ಕೋಣೆಯಿಂದ ಶುರುಮಾಡಿದ. ಅಜ್ಜಿ ಬಾಗಿಲಲ್ಲಿ ನಿಂತು, "ಯಾರೋ ನನ್ನ ಕೈಕೋಲು ಎತ್ತಿಟ್ಟಿದಾರೆ, ನಿನ್ನ ಹೆಂಡ್ತೀನೇ ಕೇಳು" ಎಂದು ಮಗನನ್ನು ಕೂಗುತ್ತಿದ್ದರು. ಕೋಲು ಸುತ್ತಿಟ್ಟ ಹಾಸಿಗೆಯೊಳಗೆ ಸಿಕ್ಕಿತು. ಹಾಸಿಗೆಯೊಳಗೆ ಕೋಲು ಇಟ್ಟವರು ಯಾರೇ ಇರಲಿ, ಪ್ಯಾಕಿಂಗ್ ಬಲ್ಲವರು ಎಂದು ಹುಲ್ಲಣ್ಣ ಮನಸ್ಸಿನಲ್ಲೇ ಮೆಚ್ಚಿಕೊಂಡ. ಮಹಡಿಯ ಕೋಣೆಯಲ್ಲಿ ಮ್ಯಾನೇಜರ ಪಿಟೀಲಿತ್ತು. ದಿನವೂ ಮಧ್ಯಾಹ್ನ ಅವರು ಬಾಗಿಲು ಹಾಕಿಕೊಂಡು ನುಡಿಸುತ್ತಾರೆಂದು ಇಡೀ ಬೀದಿಗೆ ಗೊತ್ತು. ಪೆಟ್ಟಿಗೆ ತೆಗೆದರೆ ಪಿಟೀಲಿಗೆ ತಂತಿಯೇ ಇರಲಿಲ್ಲ. ಪ್ರಯಾಣಕ್ಕೆಂದು ಬಿಚ್ಚಿಟ್ಟಿದ್ದಾರೆ, ಎಂಥ ಮುನ್ನೆಚ್ಚರಿಕೆ ಎಂದುಕೊಂಡು, ಖಾಲಿ ಜಾಗದಲ್ಲಿ ಅವರ ಕಾಲುಚೀಲ ತುಂಬಿದ. ಭಾವಮೈದನ ಬೂಟಿನಲ್ಲಿ ಒಂದು ಹೊಸ ಬೀಗದಕೈ ಗೊಂಚಲಿತ್ತು. ಅವನು ಕೆಂಪಾಗಿ, "ಅದು... ಇರ್ಲಿ, ಅಲ್ಲೇ ಇರ್ಲಿ" ಎಂದ. ಬೂಟು ಖಾಲಿಯಿಲ್ಲವಲ್ಲ, ಹುಲ್ಲಣ್ಣನಿಗೆ ಅಷ್ಟೇ ಸಾಕು.

ಮ್ಯಾನೇಜರಮ್ಮ ಮಾತ್ರ ಒಂದು ವಿಚಿತ್ರ ಪ್ರಶ್ನೆ ಕೇಳಿದರು. "ನನ್ನ ತಮ್ಮನ ಮಂಚ ಬಿಚ್ತೀಯಲ್ಲ, ಮತ್ತೆ ಜೋಡಿಸೋಕೆ ಬರದೇ ಇರೋ ಹಾಗೆ ಬಿಚ್ಚೋಕಾಗುತ್ತಾ?"

"ತಮಾಷೆ ಮಾಡ್ಬೇಡೀಮ್ಮ" ಎಂದು ಹುಲ್ಲಣ್ಣ ನಕ್ಕ. ಅವರು ನಗಲಿಲ್ಲ.

ಸಂಜೆಗೆ ನಾಲ್ಕು ದೊಡ್ಡ ಮರದ ಪೆಟ್ಟಿಗೆ ಸಿದ್ಧವಾದವು. ಒಬ್ಬೊಬ್ಬರ ಕೋಣೆಗೆ ಒಂದು. ಹುಲ್ಲಣ್ಣ ಬಣ್ಣದ ಡಬ್ಬಿ, ಕುಂಚ ತೆಗೆದ.

"ಅಜ್ಜಿ ಕೋಣೆ, ಬೆಳ್ಳಿ ಲೋಟ ಅಂತ ಬರೀಲಾ ಅಮ್ಮ?"

"ಬರಿ! ಕಳ್ಳರಿಗೆ ಸುಲಭ ಆಗ್ಲಿ!" ಎಂದರು ಮ್ಯಾನೇಜರಮ್ಮ. "ಒಳಗೇನಿದೆ ಅಂತ ಓದಿದವರಿಗೆ ಗೊತ್ತಾಗ್ಬಾರ್ದು."

"ಎಷ್ಟು ಓದಿದವರಿಗೂ ಗೊತ್ತಾಗ್ಬಾರ್ದಾ?"

"ಎಷ್ಟು ಓದಿದವರಿಗೂ."

ಹುಲ್ಲಣ್ಣನ ಮುಖ ಅರಳಿತು. ಇಂಥ ಒಂದು ಮಾತಿಗಾಗಿ ಅವನು ಎಷ್ಟು ದಿನಗಳಿಂದ ಕಾದಿದ್ದನೋ. ಕುಂಚ ಅದ್ದಿದ. ದುಂಡಗಿನ ದೊಡ್ಡ ಅಕ್ಷರಗಳಲ್ಲಿ ನಾಲ್ಕು ಪೆಟ್ಟಿಗೆಗೂ ಬರೆದ. ಬರೆದು ಹಿಂದೆ ಸರಿದು ನೋಡಿದ. ಪತ್ರಿಕೆಯವರು ಬೆರಳಗಲ ಜಾಗ ಕೊಡದಿದ್ದರೇನು, ಈಗ ಪೆಟ್ಟಿಗೆಯಗಲ ಜಾಗ ಸಿಕ್ಕಿತ್ತು.

ಮುಂದಿನದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಹುಲ್ಲಣ್ಣ ಹೇಳಿದ್ದನ್ನೂ ಲಾರಿ ಡ್ರೈವರ್ ಹೇಳಿದ್ದನ್ನೂ ಸೇರಿಸಿ, ಬಂದದ್ದನ್ನು ಅರ್ಧಕ್ಕಿಳಿಸಿ ಹೇಳುತ್ತಿದ್ದೇನೆ. ಆದರೂ ಜಾಸ್ತಿಯಾಯಿತೆನಿಸಿದರೆ ಆ ಜಾಸ್ತಿ ಡ್ರೈವರದು.

ಮರುದಿನ ಬೆಳಿಗ್ಗೆ ಲಾರಿ ಮುಂದೆ, ಮ್ಯಾನೇಜರ ಕಾರು ಹಿಂದೆ. ಸೇತುವೆಯ ಹತ್ತಿರ ಚೆಕ್ ಪೋಸ್ಟ್. ಅಲ್ಲಿಯ ಪೇದೆ ದಿನವೂ ಮಾಡುವಂತೆ ಲಾರಿಯ ಹಿಂದೆ ಒಂದು ಸುತ್ತು ಹೋಗಿ, ಕೈಬೀಸಿ ಬಿಡುವವನಿದ್ದ. ಪೆಟ್ಟಿಗೆಗಳ ಮೇಲೆ ಕಣ್ಣು ಬಿತ್ತು. ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. 

"ಸಾರ್! ಚಹಾ ಆಮೇಲೆ ಕುಡೀರಿ, ಬೇಗ ಬನ್ನಿ!"

ಇನ್ಸ್‌ಪೆಕ್ಟರರು ಲೋಟ ಹಿಡಿದೇ ಬಂದರು. ಪೇದೆ ಗಟ್ಟಿಯಾಗಿ ಓದಿದ:

"ಆನೆಯ ಹೊಟ್ಟೆಯಲ್ಲಿ ಪಾದ. ಹಣದ ಹೊಟ್ಟೆಯಲ್ಲಿ ವಿಷ. ಮತ್ತಿನ ಹೊಟ್ಟೆಯಲ್ಲಿ ಒಂದು ಸಲ. ಕತ್ತಿನ ಹೊಟ್ಟೆಯಲ್ಲಿ ಸರ."

ಇನ್ಸ್‌ಪೆಕ್ಟರರ ಚಹಾ ಬೂಟಿನ ಮೇಲೆ ಚೆಲ್ಲಿತು. ವನ್ಯಪ್ರಾಣಿ, ವಿಷಪ್ರಯೋಗ, ಮಾದಕ ವಸ್ತು, ಸರಗಳ್ಳತನ. ಒಂದೊಂದನ್ನು ಹಿಡಿಯಲು ಒಂದೊಂದು ಇಲಾಖೆ ವರ್ಷಗಟ್ಟಲೆ ಒದ್ದಾಡುತ್ತದೆ. ಇಲ್ಲಿ ನಾಲ್ಕೂ ಒಂದೇ ಲಾರಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ಬಣ್ಣದಲ್ಲಿ!

"ಸಾರ್, ಕತ್ತಿಗೆ ಹೊಟ್ಟೆ ಇರುತ್ತಾ?" ಎಂದು ಪೇದೆ ಕೇಳಿದ.

"ಅದನ್ನ ಡಾಕ್ಟರು ನೋಡ್ಕೊತಾರೆ. ನೀನು ಹಿಂದೆ ಸರಿ, ವಿಷ ಇದೆ. ಯಾರೋ ಇದನ್ನ ಬರೆದಿದ್ದು?"

ಸಾಮಾನುಗಳ ನಡುವೆ ಕಾಲು ಮಡಿಸಿಕೊಂಡು ಕೂತಿದ್ದ ಹುಲ್ಲಣ್ಣ ಬೆನ್ನು ಹಿಡಿದುಕೊಂಡು ಇಳಿದ. ಅವನ ಜೀವಮಾನದಲ್ಲಿ ಒಬ್ಬ ಅಧಿಕಾರಿ ಇದನ್ನು ಬರೆದವರು ಯಾರು ಎಂದು ಕೇಳಿದ್ದು ಇದೇ ಮೊದಲು.

"ನಾನೇ ಸಾರ್" ಎಂದು ನಾಚಿಕೊಂಡ. "ಸಣ್ಣ ಪ್ರಯತ್ನ."

"ಒಪ್ಕೊಂಡ! ಬರ್ಕೊಳ್ಳೋ! ಆನೆ ಎಲ್ಲಿದೆ?"

"ಪೆಟ್ಟಿಗೆ ಮೇಲಿದೆಯಲ್ಲ ಸಾರ್."

"ಪಾದ?"

"ಅದು ಆನೆಯೊಳಗೆ. ಯೋಚ್ನೆ ಮಾಡಿ ಸಾರ್, ಸುಲಭ. ಆನೆ ಅನ್ನೋದನ್ನ ಮೊದ್ಲು ಬಿಡಿಸಿ."

"ಆ... ನೆ" ಎಂದರು ಇನ್ಸ್‌ಪೆಕ್ಟರರು. ಶಾಲೆ ಬಿಟ್ಟ ಮೇಲೆ ಯಾರೂ ಅವರಿಗೆ ಪದ ಬಿಡಿಸಲು ಹೇಳಿರಲಿಲ್ಲ.

"ಈಗ ಮಧ್ಯದಲ್ಲಿ ಪಾದ ಇಡಿ."

ಇನ್ಸ್‌ಪೆಕ್ಟರರು ಗೊತ್ತಿಲ್ಲದೆ ಒಂದು ಬೂಟುಗಾಲು ಎತ್ತಿದರು. "ಎಲ್ಲಿ ಇಡಬೇಕು?"

"ಬಾಯಲ್ಲಿ ಸಾರ್."

ಅಷ್ಟು ಹೊತ್ತಿಗೆ ಹುಲ್ಲಣ್ಣನ ಕತ್ತಿನ ಪಟ್ಟಿ ಅವರ ಮುಷ್ಟಿಯಲ್ಲಿತ್ತು. ಕಾರಿನವರು ಓಡಿ ಬಂದರು. ಅದೃಷ್ಟಕ್ಕೆ ಪೇದೆ ಬಾಯಲ್ಲೇ ಗುಣುಗುಣು ಮಾಡುತ್ತಿದ್ದ. "ಆ... ಪಾದ... ನೆ. ಆಪಾದನೆ! ಸಾರ್, ಆಪಾದನೆ! ಇದು ಒಗಟು ಸಾರ್!"

"ಭೇಷ್!" ಎಂದ ಹುಲ್ಲಣ್ಣ ಮುಷ್ಟಿಯೊಳಗಿಂದಲೇ.

ಇನ್ಸ್‌ಪೆಕ್ಟರರು ಪಟ್ಟಿ ಬಿಟ್ಟರು. ಪೇದೆ ಬಿಡಿಸಿದ್ದು ತಮಗೆ ಹೊಳೆಯಲಿಲ್ಲವಲ್ಲ ಎಂದು ಅವರ ಮುಖ ಚಿಕ್ಕದಾಗಿತ್ತು. "ಒಗಟಾದ್ರೂ ಪೊಲೀಸರ ಮುಂದೆ ಅರ್ಥ ಇಲ್ದೆ ಇರಲ್ಲ. ಆಪಾದನೆ ಅಂದ್ರೆ ಯಾರ ಮೇಲೆ? ಯಾರ ಪೆಟ್ಟಿಗೆ ಇದು?"

"ಅಜ್ಜಿಯವರದು ಸಾರ್."

"ನಮ್ಮಮ್ಮನ ಪೆಟ್ಟಿಗೆ ಮೇಲೆ ಆಪಾದನೆ ಅಂತ ಬರೆದಿದೀಯೇನೋ!" ಎಂದು ಮ್ಯಾನೇಜರು ಗುಡುಗಿದರು.

ಕಾರಿನ ಕಿಟಕಿಯಿಂದ ಅಜ್ಜಿಯ ದನಿ ಬಂತು. "ಅವನನ್ನ ಬೈಬೇಡ. ಹಾಸಿಗೆಯಿಂದ ಕೋಲು ತೆಗೆದಾಗ್ಲೇ ಅಂದ್ಕೊಂಡೆ, ಇವನಿಗೆಲ್ಲ ಗೊತ್ತಾಯ್ತು ಅಂತ. ಹೌದಪ್ಪಾ. ಕೋಲು ಬಚ್ಚಿಡೋಳು ನಾನೇ. ಸೊಸೆ ಮೇಲೆ ಹಾಕೋಳೂ ನಾನೇ."

"ಯಾಕಮ್ಮಾ?"

"ಕೋಲು ಕಳೆದ್ರೆ ಮನೆಯವರೆಲ್ಲ ನನ್ನ ಕೋಣೆಗೆ ಬಂದು ಹುಡುಕ್ತೀರಿ. ಮಂಚದ ಮೇಲೆ ಒಂದು ಗಳಿಗೆ ಕೂತ್ಕೊತೀರಿ. ಕೋಲು ಕೈಲಿದ್ರೆ ಯಾರು ಬರ್ತಾರೆ?"

ಮ್ಯಾನೇಜರಮ್ಮ ಸುಮ್ಮನೆ ಹೋಗಿ ಕಾರಿನೊಳಗೆ ಅತ್ತೆಯ ಪಕ್ಕ ಕೂತರು. ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದರೆ ಅವರಿಗೂ ಕ್ಷೇಮವಿತ್ತು. ಆದರೆ ಇನ್ಸ್‌ಪೆಕ್ಟರರಿಗೆ ಆಟದ ರುಚಿ ಹತ್ತಿತ್ತು.

"ಎರಡನೇದು ನನಗೆ. ನೀನು ಬಾಯಿ ಮುಚ್ಕೊಂಡಿರು" ಎಂದು ಪೇದೆಗೆ ಹೇಳಿ ತೊಡೆ ತಟ್ಟಿದರು. "ಹಣ. ಹ, ಣ. ಮಧ್ಯೆ ವಿಷ. ಹವಿಷಣ. ಇದೇನೋ ಇದು?"

"ವಿಷಕ್ಕೆ ಇನ್ನೊಂದು ಹೆಸರು ಸಾರ್. ಗರ."

"ಗರ ಅಂದ್ರೆ ವಿಷಾನಾ?"

"ನಿಘಂಟಲ್ಲಿದೆ ಸಾರ್. ನಾವು ಬರೆಯೋರು, ನೋಡ್ಕೊಂಡಿರ್ತೀವಿ."

"ಹ, ಗರ, ಣ. ಹಗರಣ! ಹಗರಣ!" ಇನ್ಸ್‌ಪೆಕ್ಟರರು ಕುಣಿಯುವುದೊಂದು ಬಾಕಿ. ಆಮೇಲೆ ತಾವು ಯಾರೆಂಬುದು ನೆನಪಾಯಿತು. ದನಿ ತಗ್ಗಿತು. "ಯಾರ ಪೆಟ್ಟಿಗೆ?"

"ಮ್ಯಾನೇಜರ್ ಸಾಹೇಬ್ರದು."

"ಮ್ಯಾನೇಜರು." ಇನ್ಸ್‌ಪೆಕ್ಟರರು ನಿಧಾನವಾಗಿ ತಿರುಗಿದರು. "ಯಾವ ಬ್ಯಾಂಕು ಅಂದ್ರಿ?"

ಮ್ಯಾನೇಜರ ಹಣೆಯಲ್ಲಿ ಬೆವರು. "ಬ್ಯಾಂಕಿಂದಲ್ಲ ಸಾರ್! ಆಣೆಗೂ ಬ್ಯಾಂಕಿಂದಲ್ಲ! ಪಿಟೀಲಿಂದು!"

"ಕದ್ದ ಪಿಟೀಲಾ?"

"ನನ್ನದೇ. ತಂತಿ ಇಲ್ಲ. ಯಾವತ್ತೂ ಇರಲಿಲ್ಲ. ಇವನು ಪೆಟ್ಟಿಗೆ ತೆಗೆದಾಗ್ಲೇ ನನ್ನ ಎದೆ ಧಸಕ್ಕಂತು. ಮಧ್ಯಾಹ್ನ ಕೇಳಿಸ್ತಿದ್ದುದು ಟೇಪ್ ರೆಕಾರ್ಡರು ಸಾರ್."

ಕಾರಿನೊಳಗಿಂದ ಎರಡು ಕೂಗು ಒಟ್ಟಿಗೆ ಬಂದವು.

"ನನ್ನ ಮಗ ಎಷ್ಟು ಚೆನ್ನಾಗಿ ನುಡಿಸ್ತಾನೆ ಅಂತ ನಾನು ಕೆಳಗೆ ಕೂತು ಕಣ್ಣೀರು ಹಾಕ್ತಿದ್ದೆನಲ್ಲೋ!"

"ನೀವು ನುಡಿಸೋ ಹೊತ್ತಲ್ಲಿ ಮನೇಲಿ ಯಾರೂ ಕೆಮ್ಮೋ ಹಾಗಿರಲಿಲ್ಲ! ಒಳಗೆ ಏನ್ಮಾಡ್ತಿದ್ರಿ ಹಾಗಾದ್ರೆ?"

"ನಿದ್ದೆ" ಎಂದರು ಮ್ಯಾನೇಜರು ಬಹಳ ಸಣ್ಣ ದನಿಯಲ್ಲಿ. "ಬ್ಯಾಂಕಲ್ಲಿದ್ದಾಗಿನ ಅಭ್ಯಾಸ."

ಭಾವಮೈದನಿಗೆ ನಗು ತಡೆಯಲಾಗಲಿಲ್ಲ. ಸೇತುವೆಯ ಕಟ್ಟೆಗೆ ಒರಗಿ ಹೊಟ್ಟೆ ಹಿಡಿದುಕೊಂಡ. ಹಿಂದೆ ಸಾಲುಗಟ್ಟಿದ್ದ ಬೇರೆ ಲಾರಿಗಳ ಡ್ರೈವರುಗಳು ಇಳಿದು ಬಂದು ಸುತ್ತ ನಿಂತಿದ್ದರು. ಒಬ್ಬ ಆಗಲೇ ಮೂರನೆಯದನ್ನು ಬೆರಳಲ್ಲಿ ಎಣಿಸುತ್ತಿದ್ದ.

ಮ್ಯಾನೇಜರಮ್ಮ ಕಾರಿಳಿದು ಬಂದರು. "ನಮಗೆ ಹೊತ್ತಾಯ್ತು. ಒಗಟು ಅಂತ ಗೊತ್ತಾಯ್ತಲ್ಲ, ಇನ್ನು ಬಿಡಿ. ಉಳಿದಿದ್ದು ಬಿಡಿಸೋದೇನೂ ಬೇಡ."

ಬಿಡಿಸುವುದು ಬೇಡ ಎಂದು ಪೊಲೀಸರಿಗೆ ಹೇಳಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಇನ್ಸ್‌ಪೆಕ್ಟರರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಮತ್ತು. ಮ, ತ್ತು. ಒಂದು ಸಲ ಅಂದ್ರೆ... ಸಲ. ಮ, ಸಲ, ತ್ತು."

"ಮಸಲತ್ತು!" ಎಂದರು ಡ್ರೈವರುಗಳೆಲ್ಲ ಒಟ್ಟಿಗೆ.

"ಪೆಟ್ಟಿಗೆ ಅಮ್ಮಾವ್ರದು" ಎಂದ ಹುಲ್ಲಣ್ಣ, ಕೇಳುವ ಮೊದಲೇ. ಒಂದೊಂದು ಉತ್ತರಕ್ಕೂ ಅವನ ಎದೆ ಒಂದಿಷ್ಟು ಉಬ್ಬುತ್ತಿತ್ತು. ಸುತ್ತಲಿನವರ ಮುಖ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಮ್ಯಾನೇಜರಮ್ಮ ಹುಲ್ಲಣ್ಣನನ್ನು ದುರುಗುಟ್ಟಿ ನೋಡಿದರು. "ಮಂಚದ ವಿಷಯ ನಿನ್ನ ಹತ್ರ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ಇಷ್ಟು ದೊಡ್ಡದಾಗಿ ಬರೀಬೇಕಿತ್ತಾ? ಆಯ್ತು, ನಾನೇ ಹೇಳ್ತೀನಿ. ಹಳೇ ಮನೇಲಿ ಏನು ತೊಂದ್ರೆ ಇತ್ತು? ಏನೂ ಇರಲಿಲ್ಲ. ಇವನಿಗೆ" ಎಂದು ತಮ್ಮನತ್ತ ಕೈ ಮಾಡಿದರು, "ಇವನಿಗೆ ಕೋಣೆ ಇಲ್ದಿರೋ ಮನೆ ಬೇಕು ಅಂತ ಊರೆಲ್ಲ ತಿರುಗಿದೆ. ಟೇಪು ಹಿಡಿದು ಅಳತೆ ಮಾಡಿದೆ. ಹಜಾರದಲ್ಲೂ ಇವನ ಮಂಚ ಹಿಡಿಸಲ್ಲ ಅಂತ ಖಾತ್ರಿ ಆದ್ಮೇಲೇ ಒಪ್ಪಿದ್ದು!"

ಭಾವಮೈದನ ನಗು ನಿಂತಿತು. "ಅಕ್ಕಾ!"

"ಏನು ಅಕ್ಕಾ? ಎಷ್ಟು ದಿನ ಅಂತ ಕೆಲಸ ಹುಡುಕ್ತೀಯ? ನೀನಾಗೇ ಹೋಗ್ತೀಯ ಅಂತ ಕಾದು ಕಾದು ಸಾಕಾಯ್ತು."

"ಸಾರ್, ನಾಲ್ಕನೇದು" ಎಂದು ಪೇದೆ ಮೆಲ್ಲಗೆ ನೆನಪಿಸಿದ. "ಕತ್ತು. ಒಳಗೆ ಸರ. ಕ, ಸರ, ತ್ತು. ಕಸರತ್ತು."

ಈ ಸಲ ಯಾರೂ ಹುಲ್ಲಣ್ಣನನ್ನು ಕೇಳಲಿಲ್ಲ. ಉಳಿದಿದ್ದ ಪೆಟ್ಟಿಗೆ ಯಾರದೆಂದು ಡ್ರೈವರುಗಳಿಗೂ ಗೊತ್ತಿತ್ತು. ಎಲ್ಲರೂ ಭಾವಮೈದನ ಕಡೆ ತಿರುಗಿದರು.

"ಬೂಟಲ್ಲಿದ್ದ ಬೀಗದಕೈ ನೋಡಿ ಬರೆದಿದಾನೆ" ಎಂದ ಅವನು, ಸೋತವನ ಹಾಗೆ. "ಸಾಕಪ್ಪಾ ಈ ಕಸರತ್ತು. ನನಗೆ ಕೆಲಸ ಸಿಕ್ಕಿ ಒಂದು ವರ್ಷದ ಮೇಲಾಯ್ತು. ದಿನಾ ಕೆಲಸ ಹುಡುಕೋಕೆ ಹೋಗ್ತೀನಿ ಅಂತ ಹೇಳಿ ಕೆಲಸಕ್ಕೇ ಹೋಗ್ತಿದ್ದೆ. ಕ್ವಾರ್ಟರ್ಸೂ ಕೊಟ್ಟಿದಾರೆ. ಬೀಗಾನೇ ತೆಗೆದಿಲ್ಲ."

"ಅಯ್ಯೋ ಮಂಕೇ! ಯಾಕೋ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಬಡಿಸೋವಾಗೆಲ್ಲ ‘ನೀನು ಹೊರಟುಹೋದ್ರೆ ನಾನು ಹೇಗಪ್ಪಾ ಇರ್ಲಿ’ ಅಂತಿದ್ದೆ!"

"ಹೊರಟುಹೋಗೋದು ಅಂತ ಒಂದಿದೆ ಅನ್ನೋದು ನಿನಗೆ ನೆನಪಾಗ್ಲಿ ಅಂತ ಹಾಗಂತಿದ್ದೆ ಕಣೋ!"

ಅಜ್ಜಿ ಕಾರಿನೊಳಗೆ ಕೋಲು ಕುಟ್ಟಿ ಕುಟ್ಟಿ ನಕ್ಕರು. ಲಾರಿ ಡ್ರೈವರುಗಳು ಚಪ್ಪಾಳೆ ತಟ್ಟಿದರು. ಇನ್ಸ್‌ಪೆಕ್ಟರರು ಟೋಪಿ ಹಾಕಿಕೊಂಡು ಹುಲ್ಲಣ್ಣನ ಹತ್ತಿರ ಬಂದರು. ಈಗ ಅವರ ದನಿಯಲ್ಲಿ ಒಂಥರಾ ಮರ್ಯಾದೆ ಇತ್ತು.

"ನಮ್ಮ ಪತ್ತೇದಾರರಿಗೆ ಬರದೇ ಇರೋ ವಿದ್ಯೆ ನಿನಗೆ ಬಂದಿದೆಯಲ್ಲಪ್ಪ. ಒಂದೇ ದಿನದಲ್ಲಿ ಒಂದು ಮನೆಯೋರ ಗುಟ್ಟೆಲ್ಲ ಹೇಗೆ ತಿಳ್ಕೊಂಡೆ?"

"ಯಾವ ಗುಟ್ಟು ಸಾರ್?"

"ಇವರದೆಲ್ಲ! ಆಪಾದನೆ, ಹಗರಣ, ಮಸಲತ್ತು, ಕಸರತ್ತು!"

"ಅಯ್ಯೋ, ಅವಾ ಸಾರ್? ಅವು ಪತ್ರಿಕೆಯವರು ವಾಪಸು ಕಳಿಸಿದ ಪದಗಳು. ದಂಡ ಆಗ್ಬಾರ್ದಲ್ಲ, ಅದಕ್ಕೆ ಪೆಟ್ಟಿಗೆಗೊಂದು ಬರೆದೆ. ಅಜ್ಜಿ ಕೋಣೆ ಮೊದ್ಲು ಕಟ್ಟಿದ್ದು, ಆನೆ ಮೊದ್ಲು ವಾಪಸು ಬಂದಿದ್ದು. ಉಳಿದಿದ್ದೂ ಹಂಗೇ, ಬಂದ ಸಾಲಿಗೆ."

"ಹಾಗಾದ್ರೆ" ಎಂದರು ಮ್ಯಾನೇಜರು, ಒಂದೊಂದೇ ಮಾತು ಹೆಕ್ಕಿ, "ನಾನು ಬಾಯಿ ಬಿಡದೇ ಇದ್ದಿದ್ರೆ..."

"ನನಗೇನು ಗೊತ್ತಾಗ್ತಿತ್ತು ಸಾರ್? ಪ್ರಯಾಣಕ್ಕೆ ಅಂತ ತಂತಿ ಬಿಚ್ಚಿದೀರಿ, ಎಂಥ ಹುಷಾರು ಜನ ಅಂದ್ಕೊಂಡೆ."

ಮ್ಯಾನೇಜರು ಹೊಸ ಮನೆ ತಲುಪಿ ಮಾಡಿದ ಮೊದಲ ಕೆಲಸ ಹಾಲು ಕಾಯಿಸಿದ್ದಲ್ಲ, ಅಂಗಡಿ ಯಜಮಾನರಿಗೆ ಫೋನು ಮಾಡಿದ್ದು. ಒಂದು ದೂರು ಬಂದರೆ ಕೆಲಸವಿಲ್ಲ ಎಂದಿದ್ದರಲ್ಲ, ಆ ಫೋನಿನಲ್ಲಿ ನಾಲ್ಕು ದನಿಗಳಲ್ಲಿ ದೂರು ಬಂತು. ಭಾವಮೈದನದೂ ಸೇರಿ, ಅವನು ಕ್ವಾರ್ಟರ್ಸಿಗೆ ಹೋಗುವ ಮುನ್ನ ಅಕ್ಕನ ಪರವಾಗಿ ಮಾತಾಡಿ ಹೋದನಂತೆ. ಹುಲ್ಲಣ್ಣ ಸಂಜೆ ಕೆಲಸ ಕಳೆದುಕೊಂಡು ಮನೆಗೆ ಬಂದ. ಅವತ್ತು ಅವನ ತಲೆಯಲ್ಲಿ ಹುಲ್ಲೂ ಇರಲಿಲ್ಲ. ಗೋಡೆಯಾಚೆ ಎಣ್ಣೆ ತಿಕ್ಕುವ ಸದ್ದಿಲ್ಲ, ಬೈಗುಳವಿಲ್ಲ. ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಉಪ್ಪು ಬೇಕೇನೇ ಎಂದು ನಾನೇ ಕೂಗಿದೆ. ಬೇಡ ಅಕ್ಕಾ, ಒಲೆ ಹಚ್ಚಿಲ್ಲ ಎಂದಳು.

ಆದರೆ ಚೆಕ್ ಪೋಸ್ಟಿನಲ್ಲಿ ಚಪ್ಪಾಳೆ ತಟ್ಟಿದ ಡ್ರೈವರುಗಳು ಸುಮ್ಮನಿರುವ ಜನವಲ್ಲ. ಅವರು ಹೋದ ಊರಲ್ಲೆಲ್ಲ ಕಥೆ ಇಳಿಸಿದರು. ಇಳಿಸುವಾಗ ಹುಲ್ಲಣ್ಣನ ಕೊನೆಯ ಮಾತನ್ನು ಲಾರಿಯಲ್ಲೇ ಬಿಟ್ಟರು. ಹೀಗಾಗಿ ಊರಿಗೆ ತಲುಪಿದ ಸುದ್ದಿ ಇಷ್ಟೇ: ಹುಲ್ಲಣ್ಣ ಸಾಮಾನು ಕಟ್ಟಿದರೆ ಆ ಮನೆಯವರ ಗುಟ್ಟೆಲ್ಲ ಅವನಿಗೆ ತಿಳಿದುಬಿಡುತ್ತದೆ.

ಮರುದಿನ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಹಲ್ಲಿನ ಡಾಕ್ಟರು ನಿಂತಿದ್ದರು.

"ಹುಲ್ಲಣ್ಣನ್ನ ಕೆಲಸದಿಂದ ತೆಗೆದ್ರಂತೆ?"

"ಹೌದು ಡಾಕ್ಟ್ರೇ. ಬಹಳ ದೊಡ್ಡ ತಪ್ಪು ಮಾಡಿದ."

"ತಪ್ಪು ಮಾಡಿದ್ದು ನೀವು! ಅವನು ಹೋದ ವರ್ಷ ನಮ್ಮ ಮನೆ ಸಾಮಾನು ಕಟ್ಟಿದಾನೆ. ಈಗ ಬೇಜಾರಲ್ಲಿ ಎಲ್ಲಾದ್ರೂ ಕೂತು ಏನಾದ್ರೂ ಬರೆದುಬಿಟ್ರೆ?"

ಅವರ ಹಿಂದೆ ಹೆಡ್‌ಮಾಸ್ತರಮ್ಮ. ಅವರ ಹಿಂದೆ ಟೈಲರು. ಟೈಲರು ಮನೆ ಬದಲಾಯಿಸಿದ್ದು ಎರಡು ಬಾಗಿಲು ಆಚೆಗೆ, ಆದರೂ ಅವನ ಮುಖ ಎಲ್ಲರಿಗಿಂತ ಬಿಳಿಚಿತ್ತು. ಎಲ್ಲರ ಮಾತೂ ಒಂದೇ: ಹುಲ್ಲಣ್ಣ ಸಂತೋಷವಾಗಿರಬೇಕು. ಮಧ್ಯಾಹ್ನ ಇನ್ಸ್‌ಪೆಕ್ಟರರ ಫೋನೂ ಬಂತು. ಅವರಿಗೆ ವರ್ಗವಾಗಿತ್ತು. ಸಾಮಾನು ಕಟ್ಟಲು ಆಳು ಬೇಕು, ದಯವಿಟ್ಟು ಓದು ಬರಹ ಬರದವನನ್ನು ಕಳಿಸಿ ಎಂದರು.

ಯಜಮಾನರು ಹುಲ್ಲಣ್ಣನನ್ನು ವಾಪಸು ಕರೆಸಿದರು. ಹಳೆಯ ಕೆಲಸ, ಜೇಬಿಲ್ಲದ ಹಳೆಯ ಅಂಗಿ. "ಇನ್ಮೇಲೆ ಪೆಟ್ಟಿಗೆ ಮೇಲೆ ಒಳಗಿರೋದನ್ನ ಮಾತ್ರ ಬರೀಬೇಕು. ಪಾತ್ರೆ ಇದ್ರೆ ಪಾತ್ರೆ. ಬಟ್ಟೆ ಇದ್ರೆ ಬಟ್ಟೆ. ಆನೆ ಗೀನೆ ಏನೂ ಬರಕೂಡ್ದು."

"ಮೇಸ್ತ್ರಿ ಕೆಲಸ ಸಾರ್? ಬೆನ್ನು ಈಚೆಗೆ..."

"ಹೆಡ್ ಆಫೀಸಿಗೆ ಬರೆದಿದೀನಿ ಅಂದ್ನಲ್ಲ."

ಹುಲ್ಲಣ್ಣ ಹೇಳಿದ ಹಾಗೆ ಕೇಳಿದ. ಪಾತ್ರೆ ಎಂದೂ ಬಟ್ಟೆ ಎಂದೂ ಬರೆದ. ಬರೆಯುವಾಗ ಅವನ ಮುಖ ನೋಡಿದರೆ ಯಾರಿಗೂ ಅಯ್ಯೋ ಅನಿಸುತ್ತಿತ್ತು.

ಕೆಲವು ತಿಂಗಳ ನಂತರ ಯಜಮಾನರೇ ಮನೆ ಬದಲಾಯಿಸಿದರು. ಸ್ವಂತ ಸಾಮಾನಲ್ಲವೇ, ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ಹುಲ್ಲಣ್ಣನನ್ನೇ ಕರೆದರು. ಅವನು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಒಂದರೊಳಗೊಂದು ಕೂರಿಸಿ, ಪೆಟ್ಟಿಗೆಗೆ ಮೊಳೆ ಹೊಡೆದು, ‘ಪಾತ್ರೆ’ ಎಂದು ಬರೆದು, ಬೆನ್ನು ಸರಿಮಾಡಿಕೊಳ್ಳಲು ಮೆಟ್ಟಿಲ ಮೇಲೆ ಕೂತ. ಯಜಮಾನರು ಬಂದರು. ಪೆಟ್ಟಿಗೆ ನೋಡಿದರು. ಮುಂದೆ ಹೋದವರು ಹಿಂದೆ ಬಂದರು.

"ಏನೋ ಬರೆದಿದೀಯ ಇದರ ಮೇಲೆ?"

"ಪಾತ್ರೆ ಸಾರ್."

"ಅದು ಗೊತ್ತು. ಒಳಗೇನಿದೆ?"

"ಪಾತ್ರೆ ಸಾರ್."

"ಪಾ... ತ್ರೆ..." ಯಜಮಾನರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. "ಮಧ್ಯದಲ್ಲಿ ಏನಿಟ್ಟಿದೀಯ?"

"ಹುಲ್ಲು ಸಾರ್."

"ಆಟ ಆಡ್ಬೇಡ!" ಅವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. "ನೀನು ನನ್ನ ಮೇಜಿನ ಡ್ರಾಯರೂ ಖಾಲಿ ಮಾಡಿದೀಯ, ಅಲ್ವಾ?"

"ಹೌದು ಸಾರ್. ರಬ್ಬರ್ ಸ್ಟಾಂಪು ಇತ್ತು. ಲೋಟದೊಳಗಿಟ್ಟಿದೀನಿ."

ಯಜಮಾನರು ಪೆಟ್ಟಿಗೆಯ ಮೇಲೆಯೇ ಕುಸಿದು ಕೂತರು. ಹುಲ್ಲಣ್ಣ ಅವರನ್ನೇ ನೋಡುತ್ತಿದ್ದ. ಅವನು ನೋಡುತ್ತಿದ್ದುದು ಅವರು ಕೂತ ಭಾರಕ್ಕೆ ಒಳಗಿನ ಗಾಜು ತಡೆಯುತ್ತದೋ ಇಲ್ಲವೋ ಎಂದು. ಯಜಮಾನರಿಗೆ ಆ ನೋಟ ತಡೆಯಲಾಗಲಿಲ್ಲ.

"ಹಾಗೆ ನೋಡ್ಬೇಡ ಕಣೋ! ಹೆಡ್ ಆಫೀಸು ಇಲ್ಲ! ಯಾವತ್ತೂ ಇರಲಿಲ್ಲ! ಆ ಸ್ಟಾಂಪು ನಾನೇ ಮಾಡಿಸಿದ್ದು! ನಿನ್ನ ಹಾಗೆ ಕಟ್ಟೋನು ಇನ್ನೊಬ್ಬ ಸಿಗಲ್ಲ ಅಂತ ಮೇಸ್ತ್ರಿ ಮಾಡಲಿಲ್ಲ. ತಗೋ, ಇವತ್ತಿಂದ ನೀನೇ ಮೇಸ್ತ್ರಿ. ಮೊದ್ಲು ಆ ಪಾತ್ರೆ ಅನ್ನೋದನ್ನ ಅಳಿಸು!"

ಹೀಗೆ ಹುಲ್ಲಣ್ಣನಿಗೆ ಜೇಬಿನ ಅಂಗಿ ಬಂತು. ಮರುದಿನ ಬೆಳಿಗ್ಗೆ ಅದನ್ನು ತೊಟ್ಟು, ಬೀದಿಯ ಎರಡೂ ಬದಿಗೆ ತೋರಿಸಿ, ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಹೋದ. ಬೆನ್ನು ನೆಟ್ಟಗಿತ್ತು. ನಾನು ಒಳಗೆ ಬಂದು ಒಲೆ ಹಚ್ಚಿದೆನೋ ಇಲ್ಲವೋ, ಗೋಡೆಯಾಚೆಯಿಂದ ದನಿ ಬಂತು.

"ಅಕ್ಕಾ, ಒಂದು ಚಿಟಿಕೆ ಉಪ್ಪು ಕೊಡಿ!"

"ಟೀಪುಡಿ ಡಬ್ಬಿಯೊಳಗೆ ನೋಡೇ."

"ನೋಡಿದೆ ಅಕ್ಕಾ, ಅಲ್ಲಿಲ್ಲ. ಹೊಸ ಜೇಬು ಖಾಲಿ ಇತ್ತಲ್ಲ, ಉಪ್ಪೂ ಅವರ ಜೊತೆ ಕೆಲಸಕ್ಕೆ ಹೋಗಿದೆ."